ವ್ಯಾನ್‌ನ ನೀರಿನ ಟ್ಯಾಂಕ್ ದಾರಿಯಲ್ಲಿ ಎಲ್ಲಿ ತುಂಬಿಸುತ್ತೀರಿ?

ಟಿಟಿ_ಸಂಸಾರ
ನಮಸ್ಕಾರ. ಹಳೇ ಟಿಟಿ (ಟೆಂಪೋ ಟ್ರಾವೆಲರ್) ಒಂದನ್ನು ಕೊಂಡು ಕ್ಯಾಂಪರ್ ಮಾಡಿಸಿದ್ದೇವೆ. ಒಳಗೆ ಕಿಟಕಿ ಪಕ್ಕ 90 ಲೀಟರಿನ ಬಿಳಿ ಪ್ಲಾಸ್ಟಿಕ್ ಟ್ಯಾಂಕ್, 12 ವೋಲ್ಟಿನ ಪಂಪು, ಒಂದು ಸಿಂಕು, ಹಿಂಬಾಗಿಲ ಹತ್ತಿರ ಸಣ್ಣ ಶವರ್. ನೀರು ಹಾಕುವ ಬಾಯಿ ಹೊರಗಡೆ, ಬಾಡಿಯ ಎಡಗಡೆ ಇದೆ. ಮುಂದಿನ ತಿಂಗಳು ಬೆಂಗಳೂರಿನಿಂದ ಹಾಸನ, ಶಿರಾಡಿ ಘಾಟಿ, ಮಂಗಳೂರು, ಅಲ್ಲಿಂದ 66ನೇ ಹೆದ್ದಾರಿ ಹಿಡಿದು ಕಾರವಾರದವರೆಗೆ ಹೋಗುವ ಯೋಚನೆ.

ದಾರಿಯಲ್ಲಿ ನೀರು ಎಲ್ಲಿ ತುಂಬಿಸುತ್ತೀರಿ? ಮನೆಯಲ್ಲಿ ತುಂಬಿಸಿಕೊಂಡು ಹೊರಟರೆ ನಾಲ್ಕು ಜನಕ್ಕೆ ಎರಡು ದಿನ ಬಂದರೆ ಹೆಚ್ಚು. ಬಂಕ್‌ನಲ್ಲಿ ಕೇಳಿದರೆ ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಮುಖ ತಿರುಗಿಸುತ್ತಾರೆ. ಕೊಟ್ಟರೂ ಅವರ ನಲ್ಲಿಗೆ ನಮ್ಮ ಪೈಪ್ ಹೊಂದುವುದಿಲ್ಲ. ಹೇಗೋ ಕೂರಿಸಿದೆವು ಅನ್ನಿ, ಸ್ವಲ್ಪ ಹೊತ್ತಿಗೇ ಗುಳುಗುಳು ಅಂತ ಬಾಯಿಂದ ನೀರು ವಾಪಸ್ ಉಗಿಯುತ್ತದೆ. ತುಂಬಿತೇನೋ ಅಂತ ಒಳಗೆ ನೋಡಿದರೆ ಅರ್ಧವೂ ಇರುವುದಿಲ್ಲ. ಸಾಲದ್ದಕ್ಕೆ ಮೂರನೇ ದಿನಕ್ಕೆ ನೀರು ವಾಸನೆ. ಊರೂರಲ್ಲಿ ಇರುವ ಶುದ್ಧ ನೀರಿನ ಘಟಕದ ನೀರನ್ನೇ ಕ್ಯಾನಿನಲ್ಲಿ ತಂದು ಸುರಿಯುತ್ತಿದ್ದೇವೆ, ಆದರೂ ವಾಸನೆ. ಯಾಕೆ?

ಗಾಲಿ_ಗುಂಡ
ಘಾಟಿಯಲ್ಲಿ 90 ಕೆಜಿ ನೀರು ಹೊತ್ತುಕೊಂಡು ಯಾಕೆ ಇಳಿಯುತ್ತೀರಿ ಗುರು? ಸಕಲೇಶಪುರದವರೆಗೆ ಅರ್ಧ ಟ್ಯಾಂಕ್ ಸಾಕು. ಕೆಳಗೆ ಉಪ್ಪಿನಂಗಡಿಯಲ್ಲಿ ಇಳಿದು ತುಂಬಿಸಿಕೊಳ್ಳಿ.

ಪ್ಲಂಬರ್_ಮಗ
@ಗಾಲಿ_ಗುಂಡ ಅರ್ಧ ಟ್ಯಾಂಕೇ ಜಾಸ್ತಿ ಕುಲುಕುವುದು ಸರ್. ತುಂಬಿದ್ದರೆ ನೀರಿಗೆ ಓಡಾಡಲು ಜಾಗ ಇರುವುದಿಲ್ಲ. ಅರ್ಧ ಇದ್ದರೆ ತಿರುವಿನಲ್ಲಿ ಎಲ್ಲಾ ನೀರು ಒಂದೇ ಕಡೆ ನುಗ್ಗುತ್ತದೆ. ಟ್ಯಾಂಕಿನೊಳಗೆ ಅಡ್ಡ ತಟ್ಟೆಗಳಿದ್ದರೆ ಪರವಾಗಿಲ್ಲ, ನಮ್ಮಲ್ಲಿ ಮಾಡಿಸುವ ಟ್ಯಾಂಕ್‌ಗಳಲ್ಲಿ ಅದನ್ನು ಯಾರೂ ಹಾಕುವುದಿಲ್ಲ. ಅಷ್ಟಕ್ಕೂ 90 ಕೆಜಿ ಅಂದರೆ ಒಬ್ಬ ದಪ್ಪ ಮನುಷ್ಯ, ಟಿಟಿಗೆ ಅದೇನು ಭಾರವೇ? ಟ್ಯಾಂಕ್ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಹಿಂದಿನ ಆಕ್ಸಲ್ ದಾಟಿ ತೀರಾ ಬಾಲದಲ್ಲಿ ಇಟ್ಟಿದ್ದರೆ ಮಾತ್ರ ತಲೆಬಿಸಿ.

ಇನ್ನು ನೀರು ಉಗಿಯುವ ವಿಷಯ. ಅದು ಗಾಳಿಯ ಸಮಸ್ಯೆ. ಒಳಗೆ ನೀರು ಹೋಗಬೇಕಾದರೆ ಅಷ್ಟೇ ಗಾಳಿ ಹೊರಗೆ ಬರಬೇಕು. ಎಣ್ಣೆ ಡಬ್ಬಕ್ಕೆ ಎರಡನೇ ತೂತು ಹೊಡೆಯುತ್ತೇವಲ್ಲ, ಅದೇ ಲೆಕ್ಕ. ನಿಮ್ಮ ಟ್ಯಾಂಕಿಗೆ ಗಾಳಿ ಪೈಪ್ ಇದೆಯಾ? ಇದ್ದರೆ ಎಷ್ಟು ದಪ್ಪ? ಮಾಡಿಕೊಡುವವರು ಮೀನಿನ ತೊಟ್ಟಿಯ ಸಣ್ಣ ಟ್ಯೂಬ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಳಗಳತೆ 12 ಮಿಲಿಮೀಟರ್ ಆದರೂ ಬೇಕು. ಟ್ಯಾಂಕಿನ ತಲೆಯಿಂದ ಹೊರಟು ಏರುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಜೋತು ಬಿದ್ದಿದ್ದರೆ ಅಲ್ಲಿ ನೀರು ನಿಂತು ಗಾಳಿಗೆ ಬಿರಡೆ ಆಗುತ್ತದೆ.

ಟಿಟಿ_ಸಂಸಾರ
@ಪ್ಲಂಬರ್_ಮಗ ಈಗ ತಾನೇ ಹೋಗಿ ನೋಡಿ ಬಂದೆ. ಗಾಳಿ ಪೈಪ್ ಇದೆ, ನೀವು ಹೇಳಿದ ಹಾಗೆ ತೆಳ್ಳಗಿನದು, 6 ಮಿಮೀ ಇರಬಹುದು. ಅದು ಕೆಳಗೆ ಇಳಿದು ನೆಲದ ಶೀಟಿನ ತೂತಿನಿಂದ ಹೊರಗೆ ಹೋಗಿದೆ.

ಪ್ಲಂಬರ್_ಮಗ
ಸಿಕ್ಕಿತಲ್ಲ. ಅದನ್ನು ಕಿತ್ತು ಹಾಕಿ, 12 ಮಿಮೀ ಪೈಪನ್ನು ನೀರು ಹಾಕುವ ಬಾಯಿಗಿಂತ ಎತ್ತರಕ್ಕೆ ಒಯ್ದು ಅಲ್ಲಿಂದ ಬಾಗಿಸಿ ಹೊರಗೆ ಬಿಡಿ. ತುದಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಇಲ್ಲದಿದ್ದರೆ ಇರುವೆ, ಧೂಳು ಎಲ್ಲಾ ಒಳಗೆ. ಅಲ್ಲಿಯವರೆಗೆ ಪೈಪನ್ನು ಬಾಯಿಗೆ ಬಿಗಿಯಾಗಿ ತುರುಕಬೇಡಿ, ಪಕ್ಕದಲ್ಲಿ ಗಾಳಿಗೆ ಜಾಗ ಬಿಡಿ, ನಲ್ಲಿಯನ್ನು ಅರ್ಧ ತಿರುಗಿಸಿ.

ಕಡಲತಡಿ
ಮಾರಾಯ್ರೆ, ನೀರಿಗೆ ಇಷ್ಟು ಚಿಂತೆ ಯಾಕೆ? ಶಿರಾಡಿ ಇಳಿದ ಮೇಲೆ ಎಲ್ಲಿ ನೋಡಿದರೂ ಬಾವಿ. ಕುಂದಾಪುರ, ಬೈಂದೂರು ಕಡೆ ಒಂದು ಮನೆಯ ಮುಂದೆ ನಿಲ್ಲಿಸಿ ಕೇಳಿದರೆ ಇಲ್ಲ ಅನ್ನುವುದಿಲ್ಲ, ಜೊತೆಗೆ ಮಜ್ಜಿಗೆಯೂ ಸಿಗುತ್ತದೆ. ಅಂಗಳದಲ್ಲೇ ಪಂಪು ಹಾಕಿ ಕೊಡುತ್ತಾರೆ. ನೀರು ಎಷ್ಟು ತಿಳಿ ಅಂದರೆ ತಳ ಕಾಣುತ್ತದೆ. ನನ್ನ ಟಿಡಿಎಸ್ ಮೀಟರಿನಲ್ಲಿ 40, 50 ತೋರಿಸುತ್ತದೆ. ನಿಮ್ಮ ಬೆಂಗಳೂರಿನ ಬಾಟಲಿ ನೀರಿಗಿಂತ ಉತ್ತಮ.

ನೀರುಳ್ಳಿ
@ಕಡಲತಡಿ ಟಿಡಿಎಸ್ ಮೀಟರ್ ನೋಡಿ ಕುಡಿಯಬೇಡಿ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದವಳು, ಅದಕ್ಕೇ ಹೇಳುತ್ತಿದ್ದೇನೆ. ಆ ಮೀಟರ್ ತೋರಿಸುವುದು ಕರಗಿದ ಲವಣ ಎಷ್ಟಿದೆ ಅಂತ ಮಾತ್ರ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬಾವಿ ಹತ್ತಿರ ಕಕ್ಕಸು ಗುಂಡಿ ಇದ್ದರೆ ಅದೂ ಇಂಗುತ್ತದೆ. ತಿಳಿ ನೀರು ಅಂದ ಮಾತ್ರಕ್ಕೆ ಒಳ್ಳೆ ನೀರು ಅಲ್ಲ. ಬೇಸಿಗೆಯಲ್ಲಿ ಸಮುದ್ರಕ್ಕೆ, ಹೊಳೆ ಬಾಯಿಗೆ ಹತ್ತಿರದ ಬಾವಿಗಳಿಗೆ ಉಪ್ಪೂ ಬರುತ್ತದೆ, ಅದನ್ನು ಮಾತ್ರ ನಿಮ್ಮ ಮೀಟರ್ ಹಿಡಿಯುತ್ತದೆ.

ಬಾವಿ ನೀರು ಬೇಡ ಅನ್ನುತ್ತಿಲ್ಲ. ಟ್ಯಾಂಕಿಗೆ ಹಾಕಿ, ಕೈಕಾಲು, ಪಾತ್ರೆ, ಸ್ನಾನಕ್ಕೆ ಬಳಸಿ. ಕುಡಿಯುವುದಾದರೆ ಕುದಿಸಿ.

ಕಡಲತಡಿ
ನಮ್ಮ ಅಜ್ಜ ಅದೇ ನೀರು ಕುಡಿದು 90 ದಾಟಿದರು ಅಕ್ಕ.

ನೀರುಳ್ಳಿ
ಅಜ್ಜನ ಕಾಲದಲ್ಲಿ ಬಾವಿ ಪಕ್ಕ ಕಕ್ಕಸು ಗುಂಡಿ ಇತ್ತಾ?

ಸುಮ್ನೆ_ಓದುವವ
😂😂

ಕೋಲಾರದ_ಹುಡುಗ
ನಮ್ಮ ಕಡೆ ಬಂದರೆ ಬಾವಿಯೂ ಇಲ್ಲ, ಬೋರ್ ನೀರೂ ನಂಬುವ ಹಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಸುತ್ತಮುತ್ತ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಪರವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಜಾಸ್ತಿಯಾಗುತ್ತದೆ. ಹಾಗಾಗಿ ಎಲ್ಲಾ ಕಡೆಗೂ ಕುದಿಸುವುದೇ ಮದ್ದಲ್ಲ. ಇಲ್ಲಿ ಘಟಕದ ನೀರೇ ಗತಿ. ಕಾಯಿನ್ ಹಾಕಿ, ಕ್ಯಾನ್ ಹಿಡಿಯಿರಿ, ಎಷ್ಟೋ ಕಡೆ 5 ರೂಪಾಯಿಗೆ 20 ಲೀಟರ್.

ಗಡಸು ನೀರಿನ ಇನ್ನೊಂದು ಕಾಟ, ಟ್ಯಾಂಕ್ ಒಳಗಿನ ಲೆವೆಲ್ ಸೆನ್ಸಾರ್ ಮೇಲೆ ಬಿಳಿ ಪದರ ಕಟ್ಟಿ ಸುಳ್ಳು ಹೇಳಲು ಶುರು ಮಾಡುತ್ತದೆ. ನಾನು ಸೆನ್ಸಾರ್ ಕಿತ್ತು ಹಾಕಿ, ಪಕ್ಕದಲ್ಲಿ ಪಾರದರ್ಶಕ ಪೈಪ್ ನಿಲ್ಲಿಸಿಕೊಂಡಿದ್ದೇನೆ. ನೀರು ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ.

ಟಿಟಿ_ಸಂಸಾರ
ಹಾಗಾದರೆ ಘಟಕದ ನೀರು ಹಾಕಿಯೂ ನಮಗೆ ವಾಸನೆ ಯಾಕೆ ಬರುತ್ತದೆ? ಅದು ಫಿಲ್ಟರ್ ಆದ ನೀರು ಅಲ್ವಾ?

ನೀರುಳ್ಳಿ
ಅದಕ್ಕೇ ಬಂತು ವಾಸನೆ! ಘಟಕದ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಲೋರಿನ್ ತಗುಲಿದರೆ ಆರ್‌ಒ ಪೊರೆ ಹಾಳಾಗುತ್ತದೆ ಅಂತ ಮೊದಲೇ ತೆಗೆದಿರುತ್ತಾರೆ. ಆ ನೀರನ್ನು ಅಂದಂದೇ ಕುಡಿದರೆ ಚೆನ್ನ. ಬಿಸಿಲಿಗೆ ನಿಂತ ವ್ಯಾನಿನ ಟ್ಯಾಂಕಿನಲ್ಲಿ ಮೂರು ದಿನ ಇಟ್ಟರೆ ಅದನ್ನು ಕಾಯುವವರು ಯಾರೂ ಇಲ್ಲ. ಕಾರ್ಪೊರೇಷನ್ ನಲ್ಲಿ ನೀರು ಹಾಗಲ್ಲ, ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮ. ಹಾಗಾಗಿ ಟ್ಯಾಂಕಿಗೆ ಕಾವೇರಿ ನೀರೇ ವಾಸಿ, ಕ್ಯಾನಿಗೆ ಘಟಕದ ನೀರು.

ಎರಡನೆಯದು ನಿಮ್ಮ ಬಿಳಿ ಟ್ಯಾಂಕ್, ಅದೂ ಕಿಟಕಿ ಪಕ್ಕ. ಬೆಳಕು ಬಿದ್ದರೆ ಪಾಚಿ ಬರುತ್ತದೆ. ಒಳಗೆ ಕೈ ಹಾಕಿ ಗೋಡೆ ಸವರಿ ನೋಡಿ, ಲೋಳೆ ಲೋಳೆ ಇದ್ದರೆ ಅದೇ. ಟ್ಯಾಂಕಿಗೆ ಕಪ್ಪು ಬಟ್ಟೆಯೋ ದಪ್ಪ ಹಾಳೆಯೋ ಸುತ್ತಿ ಬೆಳಕು ಮುಚ್ಚಿ. ಮನೆ ಮೇಲಿನ ಟ್ಯಾಂಕ್‌ಗಳ ಒಳಪದರ ಕಪ್ಪಗಿರುವುದು ಸುಮ್ನೆ ಅಲ್ಲ.

ಗಾಲಿ_ಗುಂಡ
ನಾನು ಇದಕ್ಕೆಲ್ಲಾ ಒಂದೇ ಉಪಾಯ ಮಾಡಿದ್ದೇನೆ. ತುಂಬಿಸುವ ಪೈಪಿಗೇ ಕಾರ್ಬನ್ ಫಿಲ್ಟರ್ ಹಾಕಿಬಿಟ್ಟಿದ್ದೇನೆ. ಕ್ಲೋರಿನ್ ವಾಸನೆ, ಮಣ್ಣಿನ ವಾಸನೆ ಎಲ್ಲಾ ಅಲ್ಲೇ ನಿಂತುಬಿಡುತ್ತದೆ, ಒಳಗೆ ಹೋಗುವುದು ಶುದ್ಧ ನೀರು.

ನೀರುಳ್ಳಿ
ಕಾರ್ಬನ್ ಕ್ಲೋರಿನ್ನನ್ನು ಹೀರಿಕೊಂಡರೆ ಟ್ಯಾಂಕಿನಲ್ಲಿ ನೀರು ಕಾಯುವುದಕ್ಕೆ ಏನು ಉಳಿಯಿತು? ಕಾರ್ಬನ್ ಫಿಲ್ಟರನ್ನು ಟ್ಯಾಂಕ್ ಆದ ಮೇಲೆ, ಸಿಂಕಿನ ನಲ್ಲಿಯ ಹತ್ತಿರ ಹಾಕಿ. ತುಂಬಿಸುವ ಕಡೆಗೆ 5 ಮೈಕ್ರಾನಿನ ಬಿಳಿ ಸ್ಪನ್ ಫಿಲ್ಟರ್ ಸಾಕು, ಮಣ್ಣು ಮರಳು ತಡೆಯುತ್ತದೆ, ಅಗ್ಗ, ಕೆಂಪಗಾದ ಕೂಡಲೇ ಎಸೆಯಬಹುದು.

ಗಾಲಿ_ಗುಂಡ
ನನಗೆ ಇಲ್ಲಿಯವರೆಗೆ ಏನೂ ಆಗಿಲ್ಲ.

ಪ್ಲಂಬರ್_ಮಗ
ಅವರು ಹೇಳುವುದು ಸರಿ ಇದೆ ಸರ್. ಸ್ಪನ್ ಫಿಲ್ಟರ್ ಹಾಕಿದರೆ ಇನ್ನೊಂದು ಲಾಭ, ನಿಮ್ಮ ಡಯಾಫ್ರಾಮ್ ಪಂಪ್ ಉಳಿಯುತ್ತದೆ. ಒಂದು ಮರಳಿನ ಕಣ ವಾಲ್ವಿನಲ್ಲಿ ಕೂತರೆ ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಟಕಟಕ ಅಂತ ಓಡುತ್ತಿರುತ್ತದೆ. ರಾತ್ರಿ ಮಲಗಿದಾಗ ಆ ಸದ್ದು ಕೇಳಿದರೆ ನಿದ್ದೆ ಬಂದ ಹಾಗೆಯೇ.

ಹುಬ್ಬಳ್ಳಿ_ಮಂದಿ
ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಎಷ್ಟೋ ಓಣಿಗಳಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬೇಸಿಗೆಯಲ್ಲಿ ಹಳ್ಳಿಗಳ ಟ್ಯಾಂಕ್ ಮುಂದೆ ಕೊಡಗಳ ಸಾಲು ನಿಂತಿರುತ್ತದೆ. ಅಲ್ಲಿಗೆ ದೊಡ್ಡ ಗಾಡಿ ತಂದು ನಿಲ್ಲಿಸಿ, ಉದ್ದ ಪೈಪ್ ಹಾಕಿ 90 ಲೀಟರ್ ಎಳೆದುಕೊಳ್ಳುವವರನ್ನು ನೋಡಿದ್ದೇನೆ. ಯಾರೂ ಬೈಯಲಿಲ್ಲ ಅಂದ ಮಾತ್ರಕ್ಕೆ ಅದು ಸರಿ ಅಂತ ಅಲ್ಲ ರೀ. ಊರಿನ ನಲ್ಲಿಯಲ್ಲಿ ಕುಡಿಯಲು ಎರಡು ಬಾಟಲಿ ಹಿಡಿಯಿರಿ, ಶವರ್ ಸ್ನಾನಕ್ಕೆ ಅಲ್ಲ.

ಟಿಟಿ_ಸಂಸಾರ
ಅಣ್ಣಾರ, ನಾವು ಹಾಗೆ ಮಾಡುವವರಲ್ಲ. ಅದಕ್ಕೇ ದುಡ್ಡು ಕೊಟ್ಟು ಘಟಕದ ನೀರು ತರುತ್ತಿರುವುದು.

ಹುಬ್ಬಳ್ಳಿ_ಮಂದಿ
ನಿಮಗೆ ಹೇಳಲಿಲ್ಲ ರೀ, ಓದುವ ಉಳಿದವರಿಗೆ ಹೇಳಿದೆ. ಆದರೆ ಘಟಕದ್ದೂ ಅದೇ ಕಥೆ. ಆರ್‌ಒ ಯಂತ್ರ ಒಳ್ಳೆ ನೀರು ಕೊಡುವಾಗ ಒಂದಷ್ಟು ಉಪ್ಪು ನೀರನ್ನು ಚರಂಡಿಗೆ ಬಿಡುತ್ತದೆ. ಪಾತ್ರೆ ತೊಳೆಯಲು ಆರ್‌ಒ ನೀರು ಬಳಸುವುದು ನನಗಂತೂ ಹೊಟ್ಟೆ ಉರಿಯುವ ವಿಷಯ.

ಜಯನಗರ_4ನೇ_ಟಿ
ಬೆಂಗಳೂರಲ್ಲೂ 2024ರ ಮಾರ್ಚಿನಲ್ಲಿ ಏನಾಯಿತು ನೋಡಿದ್ದೇವಲ್ಲ. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವ್ಯಾನಿಗೆ ಪೈಪ್ ಹಿಡಿದಿದ್ದ ಒಬ್ಬರ ಮೇಲೆ ಇಡೀ ವಾಟ್ಸಾಪ್ ಗುಂಪು ಮುಗಿಬಿದ್ದಿತ್ತು. ಅವರು ಕುಡಿಯುವ ನೀರು ತುಂಬಿಸುತ್ತಿದ್ದೇನೆ, ತೊಳೆಯುತ್ತಿಲ್ಲ ಅಂತ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಗಾಲಿ_ಗುಂಡ
ಬಂಕ್‌ನಲ್ಲಿ ಕೇಳುವುದು ನಮ್ಮ ಹಕ್ಕು. ಗಾಳಿ, ನೀರು, ಟಾಯ್ಲೆಟ್ ಉಚಿತ.

ಜಯನಗರ_4ನೇ_ಟಿ
ಕುಡಿಯುವ ನೀರು ಉಚಿತ ಅಂದರೆ ಬಾಯಾರಿದವನಿಗೆ ಒಂದು ಬಾಟಲಿ ನೀರು ಸ್ವಾಮಿ. 90 ಲೀಟರ್ ಟ್ಯಾಂಕ್ ಅಲ್ಲ. ಡೀಸೆಲ್ ಹಾಕಿಸಿ, ಮಾತಾಡಿಸಿ, ಕೇಳಿದರೆ ಕೊಡುತ್ತಾರೆ. ಹಕ್ಕು ಅಂತ ಹೋದರೆ ನಲ್ಲಿ ಕೆಟ್ಟಿದೆ ಅನ್ನುತ್ತಾರೆ, ಅಷ್ಟೇ.

ಲಾರಿ_ದಾರಿ
ಬಂಕ್‌ನಲ್ಲಿ ತುಂಬಿಸುವವರಿಗೆ ಎಚ್ಚರಿಕೆ. ನಮ್ಮ ಗೆಳೆಯರ ವ್ಯಾನಿನ ನೀರಿನ ಬಾಯಿಗೆ ಬಂಕ್ ಹುಡುಗ ಡೀಸೆಲ್ ಗನ್ ಇಟ್ಟುಬಿಟ್ಟಿದ್ದ. ಅವನದು ಏನು ತಪ್ಪು? ಎರಡು ಮುಚ್ಚಳವೂ ಒಂದೇ ಥರ, ಒಂದೇ ಬಣ್ಣ. ಡ್ರೈವರ್ ಟೀ ಕುಡಿಯಲು ಹೋಗಿದ್ದ. ಆಮೇಲೆ ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಪ್ಲಾಸ್ಟಿಕ್ ಡೀಸೆಲ್ ವಾಸನೆಯನ್ನು ಹೀರಿಕೊಂಡರೆ ಬಿಡುವುದಿಲ್ಲ. ಟ್ಯಾಂಕು, ಪೈಪು, ಪಂಪು ಎಲ್ಲಾ ಬದಲಾಯಿಸಬೇಕಾಯಿತು. ನೀರಿನ ಮುಚ್ಚಳಕ್ಕೆ ನೀಲಿ ಬಣ್ಣ ಹೊಡೆಯಿರಿ, ದೊಡ್ಡದಾಗಿ ನೀರು ಅಂತ ಬರೆಯಿರಿ, ಹಿಂದಿಯಲ್ಲೂ ಬರೆಯಿರಿ, ಬೀಗ ಹಾಕಿ. ಬೀಗದ ಕೀ ನಿಮ್ಮ ಜೇಬಿನಲ್ಲಿ ಇರಲಿ.

ಟಿಟಿ_ಸಂಸಾರ
ಅಯ್ಯೋ ದೇವರೇ. ನಮ್ಮದೂ ಎರಡೂ ಕಪ್ಪು ಮುಚ್ಚಳ. ಇವತ್ತೇ ಬಣ್ಣ ಹೊಡೆಯುತ್ತೇನೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಇದಕ್ಕೆಂದೇ ಯಂತ್ರ ಇಟ್ಟಿರುತ್ತಾರೆ. ಒಂದು ಯೂರೋ ಹಾಕಿದರೆ ಎಷ್ಟೋ ಕಡೆ 80ರಿಂದ 100 ಲೀಟರ್ ಕುಡಿಯುವ ನೀರು. ಅದೇ ಜಾಗದಲ್ಲಿ ಪಾತ್ರೆ ತೊಳೆದ ಕೊಳೆ ನೀರು ಬಿಡಲು, ಟಾಯ್ಲೆಟ್ ಡಬ್ಬ ಖಾಲಿ ಮಾಡಲು ಬೇರೆ ಬೇರೆ ಕಿಂಡಿ. ಎರಡು ನಲ್ಲಿ ಇರುತ್ತವೆ, ಒಂದು ಕುಡಿಯಲು, ಇನ್ನೊಂದು ಟಾಯ್ಲೆಟ್ ಡಬ್ಬ ತೊಳೆಯಲು. ಬೋರ್ಡ್ ಇದ್ದರೂ ಕುಡಿಯುವ ನೀರಿನ ನಲ್ಲಿಯ ಮೂತಿಯನ್ನು ಟಾಯ್ಲೆಟ್ ಡಬ್ಬದೊಳಗೆ ಇಟ್ಟು ತೊಳೆಯುವ ಮಹಾನುಭಾವರು ಇಲ್ಲೂ ಇದ್ದಾರೆ. ಅದಕ್ಕೇ ನಾವು ಮೊದಲು ನಲ್ಲಿ ಮೂತಿಯನ್ನು ಒರೆಸಿ, ಸ್ವಲ್ಪ ನೀರು ಚೆಲ್ಲಿ, ಆಮೇಲೆ ನಮ್ಮದೇ ಪೈಪ್ ಹಾಕುತ್ತೇವೆ. ಅಲ್ಲಿ ಬಿದ್ದಿರುವ ಪೈಪ್ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಅನೇಕ ಕಡೆ ಹೆಪ್ಪುಗಟ್ಟುತ್ತದೆ ಅಂತ ನಲ್ಲಿ ಬಂದ್ ಮಾಡಿಬಿಡುತ್ತಾರೆ, ಆಗ ನಾವೂ ನಿಮ್ಮ ಹಾಗೆ ಕ್ಯಾನ್ ಹಿಡಿದು ಅಲೆಯುವುದೇ.

ಹಸಿರು ಗಾರ್ಡನ್ ಪೈಪ್ ಬಳಸುತ್ತಿದ್ದರೆ ಬಿಟ್ಟುಬಿಡಿ. ಬಿಸಿಲಿಗೆ ಬಿಸಿಯಾದರೆ ಆ ಪ್ಲಾಸ್ಟಿಕ್ ವಾಸನೆ ನೀರಿಗೂ ಬರುತ್ತದೆ. ಕುಡಿಯುವ ನೀರಿಗೇ ಅಂತ ಮಾಡಿದ ಪೈಪ್ ಸಿಗುತ್ತದೆ. ಬಳಸಿದ ಮೇಲೆ ನೀರೆಲ್ಲಾ ಇಳಿಸಿ, ಎರಡು ತುದಿಯನ್ನೂ ಒಂದಕ್ಕೊಂದು ಸಿಕ್ಕಿಸಿ ಇಡಿ.

ಸುಮ್ನೆ_ಓದುವವ
ಕೇರಳದವರು 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಒಂದು ನೀತಿ ತಂದರು. ನಮ್ಮಲ್ಲಿ ಯಾವಾಗಲೋ. ಅಂದ ಹಾಗೆ ಸಂಸಾರದವರೇ, ಆರ್‌ಟಿಒ ಕಡೆಯಿಂದ ಏನೂ ತೊಂದರೆ ಇಲ್ವಾ? ಸೀಟು ತೆಗೆಸಿ ಸಿಂಕು ಹಾಕಿದ್ದೀರಿ ಅಂತ ಕೇಳಿದೆ.

ಟಿಟಿ_ಸಂಸಾರ
ಅದು ಇನ್ನೊಂದು ರಾಮಾಯಣ, ಇಲ್ಲಿ ಬೇಡ. ಬೇರೆ ಎಳೆಯಲ್ಲಿ ಬರೆಯುತ್ತೇನೆ.

ಪ್ಲಂಬರ್_ಮಗ
ನಲ್ಲಿಗೆ ಪೈಪ್ ಹೊಂದದ ವಿಷಯ ಎಲ್ಲರೂ ಮರೆತರು. ನಮ್ಮ ದೇಶದಲ್ಲಿ ಬಂಕ್ ನಲ್ಲಿ, ದೇವಸ್ಥಾನದ ನಲ್ಲಿ, ಹೋಮ್‌ಸ್ಟೇ ನಲ್ಲಿ ಮೂರೂ ಮೂರು ಥರ. ಯುರೋಪಿನ ಹಾಗೆ ಟಕ್ ಅಂತ ಕೂರುವ ಜೋಡಣೆ ಎಲ್ಲಾ ಕಡೆ ಸಿಗುವುದಿಲ್ಲ. ಒಂದು ಡಬ್ಬಿಯಲ್ಲಿ ಇಷ್ಟು ಇಟ್ಟುಕೊಳ್ಳಿ: ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ತಿರುಪು ಜೋಡಣೆ, ಹೋಸ್ ಕ್ಲಿಪ್, ಟೆಫ್ಲಾನ್ ಟೇಪ್, ಮರೆಯದೆ ಸೈಕಲ್ ಟ್ಯೂಬಿನ ಗೇಣುದ್ದದ ತುಂಡು. ತಿರುಪು ಇಲ್ಲದ ಬೋಳು ನಲ್ಲಿಗೆ ಟ್ಯೂಬಿನ ತುಂಡು ಎಳೆದು ಕೂರಿಸಿ, ಇನ್ನೊಂದು ತುದಿಗೆ ಪೈಪ್ ತೂರಿಸಿ, ಕ್ಲಿಪ್ ಬಿಗಿದರೆ ಒಂದು ಹನಿ ಸೋರುವುದಿಲ್ಲ. ಕುಡಿಯುವ ನೀರಿಗೆ ಇದು ಬೇಡ, ರಬ್ಬರ್ ವಾಸನೆ ಬರುತ್ತದೆ. ಪಾತ್ರೆ, ಸ್ನಾನದ ಟ್ಯಾಂಕಿಗೆ ಧಾರಾಳವಾಗಿ ನಡೆಯುತ್ತದೆ.

ಸಮಯದ ಲೆಕ್ಕವೂ ಇರಲಿ. ಚೆನ್ನಾಗಿ ಬರುವ ಅರ್ಧ ಇಂಚಿನ ನಲ್ಲಿ ನಿಮಿಷಕ್ಕೆ 10 ಲೀಟರ್ ಕೊಟ್ಟರೆ 9 ನಿಮಿಷ. ಬಂಕ್‌ನ ಸಣ್ಣ ಧಾರೆ ನಿಮಿಷಕ್ಕೆ 3 ಲೀಟರ್ ಅಂದರೆ ಅರ್ಧ ಗಂಟೆ ಅಲ್ಲೇ ನಿಲ್ಲಬೇಕು, ಅಷ್ಟರಲ್ಲಿ ಅವರಿಗೂ ಸಾಕಾಗುತ್ತದೆ. ತುಂಬಿಸುವ ಮೊದಲು ಒಂದು ಬಕೆಟ್ ಹಿಡಿದು ನೋಡಿ. ಬಣ್ಣ, ವಾಸನೆ, ವೇಗ ಮೂರೂ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಕಡಲತಡಿ
ಟ್ಯೂಬಿನ ಐಡಿಯಾ ಭಾರೀ ಲಾಯಿಕ್ಕುಂಟು 👌

ಟಿಟಿ_ಸಂಸಾರ
@ನೀರುಳ್ಳಿ ಮೇಡಂ, ಈಗ ಟ್ಯಾಂಕ್ ಒಳಗೆ ಲೋಳೆ ಇದೆ, ಸವರಿ ನೋಡಿದೆ. ತೊಳೆಯುವುದು ಹೇಗೆ? ಕೈ ಮೊಣಕೈವರೆಗೆ ಮಾತ್ರ ಹೋಗುತ್ತದೆ.

ನೀರುಳ್ಳಿ
ಮೊದಲು ಪೂರ್ತಿ ಖಾಲಿ ಮಾಡಿ, ಕೈಗೆ ಸಿಗುವಷ್ಟು ಭಾಗವನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ. ಆಮೇಲೆ ವಾಸನೆ ಬಣ್ಣ ಸೇರಿಸದ ಸಾದಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತನ್ನಿ. ಅದು ಶೇ 5ರದ್ದಾದರೆ ಲೀಟರಿಗೆ 1 ಮಿಲಿ ಲೆಕ್ಕ, ಅಂದರೆ ನಿಮ್ಮ ತುಂಬಿದ ಟ್ಯಾಂಕಿಗೆ 90 ಮಿಲಿ. ಅದನ್ನು ಮೊದಲು ಒಂದು ಬಕೆಟ್ ನೀರಿನಲ್ಲಿ ಕಲಸಿ ಟ್ಯಾಂಕಿಗೆ ಸುರಿಯಿರಿ, ನಂತರ ಟ್ಯಾಂಕ್ ತುಂಬಿಸಿ. ಈಗ ಸಿಂಕಿನ ನಲ್ಲಿ, ಶವರ್ ಎರಡನ್ನೂ ಕ್ಲೋರಿನ್ ವಾಸನೆ ಬರುವ ತನಕ ಬಿಡಿ, ಆಗಲೇ ಪೈಪಿನೊಳಗೂ ಹೋಗುವುದು. ಕಾರ್ಬನ್ ಫಿಲ್ಟರ್ ಇದ್ದರೆ ಅದನ್ನು ಮೊದಲೇ ತೆಗೆದಿಡಿ. ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ಒಳ್ಳೆ ನೀರಿನಲ್ಲಿ ಜಾಲಿಸಿ. ಆ ನೀರನ್ನು ಹೊಳೆಗೆ, ತೋಟಕ್ಕೆ ಬಿಡಬೇಡಿ.

ಬಿಳಿ ಗಡಸು ಪದರ ಇದ್ದರೆ ಅದಕ್ಕೆ ಬೇರೆ ದಿನ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ನೆನೆಸಿ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ. ಬ್ಲೀಚ್‌ಗೆ ಹುಳಿ ಬಿದ್ದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಮುಚ್ಚಿದ ವ್ಯಾನಿನೊಳಗೆ ಅದು ಹುಡುಗಾಟ ಅಲ್ಲ.

ಕೋಲಾರದ_ಹುಡುಗ
ಬ್ಲೀಚಿಂಗ್ ಪೌಡರ್ ಆಗಲ್ವಾ? ಪಂಚಾಯಿತಿಯವರು ಅದನ್ನೇ ತಾನೇ ಹಾಕುವುದು.

ನೀರುಳ್ಳಿ
ಆಗುತ್ತದೆ. ಆದರೆ ಪುಡಿಯಲ್ಲಿ ಸುಣ್ಣ ಇರುತ್ತದೆ, ನೇರ ಸುರಿದರೆ ತಳದಲ್ಲಿ ಕೂತು ಪಂಪಿಗೆ ಹೋಗುತ್ತದೆ. ಬಕೆಟ್‌ನಲ್ಲಿ ಕಲಸಿ, ತಿಳಿಯಾದ ಮೇಲೆ ಮೇಲಿನ ನೀರು ಮಾತ್ರ ಹಾಕಿ. ಹಳೇ ಪುಡಿ ಬೇಡ, ಅದರ ಶಕ್ತಿ ಹೋಗಿರುತ್ತದೆ.

ಗಾಲಿ_ಗುಂಡ
ಇಷ್ಟೆಲ್ಲಾ ಮಾಡುವುದಕ್ಕಿಂತ ನಾಲ್ಕು 20 ಲೀಟರ್ ಕ್ಯಾನ್ ಇಟ್ಟುಕೊಂಡು ಪಂಪಿನ ಪೈಪನ್ನು ಒಂದೊಂದಕ್ಕೆ ಬದಲಾಯಿಸುತ್ತಾ ಹೋದರೆ ಆಯಿತಲ್ಲ. ಟ್ಯಾಂಕೇ ಬೇಡ. ತೊಳೆಯುವುದೂ ಸುಲಭ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು.

ನೀರುಳ್ಳಿ
ಗುಂಡ ಅವರೇ, ಇವತ್ತು ಮೊದಲ ಸಲ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ.

ಹುಬ್ಬಳ್ಳಿ_ಮಂದಿ
ಕ್ಯಾನ್ ಎತ್ತಿ ನೋಡಿದರೆ ನೀರು ಉಳಿಸುವುದನ್ನೂ ಕಲಿಯುತ್ತಾರೆ ರೀ. 20 ಕೆಜಿ ಹೊತ್ತು ತಂದವನು ಶವರ್ ಕೆಳಗೆ ಹಾಡು ಹೇಳುತ್ತಾ ನಿಲ್ಲುವುದಿಲ್ಲ.

ಟಿಟಿ_ಸಂಸಾರ
ನನ್ನ ಬೆನ್ನು ಒಪ್ಪುವುದಿಲ್ಲ ಸರ್, ಟ್ಯಾಂಕ್ ಇರಲಿ. ಕುಡಿಯಲು, ಅಡುಗೆಗೆ ಎರಡು ಕ್ಯಾನ್ ಬೇರೆ ಇಡುತ್ತೇನೆ. @ಪ್ಲಂಬರ್_ಮಗ ಆ 12 ಮಿಮೀ ಪೈಪ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ಹಸಿರು ಗಾರ್ಡನ್ ಪೈಪ್ ತೋರಿಸುತ್ತಾರೆ.

ಪ್ಲಂಬರ್_ಮಗ
ಎಸ್‌ಜೆಪಿ ರೋಡಿನಲ್ಲಿ ಪಂಪು, ಹೋಸ್ ಮಾರುವ ಅಂಗಡಿಗಳ ಸಾಲು ಇದೆ, ಭಾನುವಾರ ಹೋಗಬೇಡಿ. ಫುಡ್ ಗ್ರೇಡ್ ಪಾರದರ್ಶಕ ಪೈಪ್ ಅಂತ ಕೇಳಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಒಳಗೆ ನೂಲಿನ ಬಲೆ ಇರುವುದನ್ನೇ ತೆಗೆದುಕೊಳ್ಳಿ, ಅದು ಬಾಗಿದ ಕಡೆ ಮುರುಟುವುದಿಲ್ಲ. ಹಳೇ ಟ್ಯೂಬಿನ ತುಂಡನ್ನು ಜೊತೆಗೆ ಒಯ್ಯಿರಿ, ಟ್ಯಾಂಕಿನ ತಲೆಯಲ್ಲಿರುವ ಮೂತಿಯನ್ನೂ ದಪ್ಪದ್ದು ಹಾಕಿಸಬೇಕಾಗುತ್ತದೆ, ಬರೀ ಪೈಪ್ ಬದಲಾಯಿಸಿದರೆ ಪ್ರಯೋಜನ ಇಲ್ಲ.

ಸುಮ್ನೆ_ಓದುವವ
ಆರ್‌ಟಿಒ ಎಳೆಗೆ ಕಾಯುತ್ತಿದ್ದೇನೆ.